ಕಾಲು ಕೊಯ್ದ ಮೇಜು

ನಮ್ಮ ಮನೆಯ ಮುಂಬಾಗಿಲು ಗಾಳಿಗೆ ದಢಾರನೆ ಹಾಕಿಕೊಳ್ಳದಿರಲೆಂದು ಅದಕ್ಕೊಂದು ಮರದ ತುಂಡನ್ನು ಅಡ್ಡ ಕೊಟ್ಟಿದ್ದೇವೆ. ಅಂಗೈ ಉದ್ದದ, ಚೌಕನೆಯ ತೇಗದ ತುಂಡು. ಮೊನ್ನೆ ಮನೆಗೆ ಬಂದಿದ್ದ ನಮ್ಮ ಕಚೇರಿಯ ಹಿರಿಯರೊಬ್ಬರು ಚಪ್ಪಲಿ ಬಿಡುವಾಗ ಅದನ್ನು ಎಡವಿದರು. ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, "ಚಲೋ ಸಾಗುವಾನಿ ಐತಲ್ರೀ ಇದು, ಬಾಗಲಕ್ಕ ಯಾಕ ಹಚ್ಚೀರಿ?" ಎಂದು ಕೇಳಿದರು. ಇಂಥವು ಇನ್ನೂ ಮೂರಿವೆ ಎಂದೆ. ಒಂದು ಅಕ್ಕಿ ಡಬ್ಬಿಯ ಕೆಳಗಿದೆ, ಒಂದು ಕಪಾಟಿನ ಒಂದು ಮೂಲೆಗೆ ಆಸರೆಯಾಗಿದೆ, ಇನ್ನೊಂದು ನನ್ನ ಬರೆಯುವ ಹಲಗೆಯ ಮೇಲೆ ಕಾಗದ ಹಾರದಂತೆ ಕೂತಿದೆ. ಅವರು ಇನ್ನೂ ಏನೋ ಕೇಳುವವರಿದ್ದರು, ಅಷ್ಟರಲ್ಲಿ ಚಹಾ ಬಂತು, ಮಾತು ಬೇರೆ ಕಡೆ ಹೊರಳಿತು. ಅವರಿಗೆ ಹೇಳಲಾಗದೆ ಉಳಿದದ್ದನ್ನು ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಆ ತುಂಡುಗಳು ನಾನೇ ಕೈಯಾರೆ ಮಾಡಿದ ಊಟದ ಮೇಜಿನ ಕಾಲುಗಳು. ಪೂರ್ತಿ ಕಾಲುಗಳಲ್ಲ, ಕೆಳಗಿನಿಂದ ಗರಗಸ ಹಾಕಿ ಕೊಯ್ದು ತೆಗೆದ ಭಾಗ. ಮೇಜು ಇನ್ನೂ ಇದೆ, ಅದರ ಮೇಲೆಯೇ ಉಣ್ಣುತ್ತೇವೆ. ಬಂದವರು ಅದನ್ನು ನೋಡಿ ಮಕ್ಕಳ ಮೇಜೋ, ಪೂಜೆಯ ಪೀಠವೋ ಎಂದು ಗೊಂದಲಕ್ಕೆ ಬೀಳುತ್ತಾರೆ. ನಾನು ಬಡಗಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಮೇಜು ಮಾಡಿದ ವರ್ಷದವರೆಗೆ ನಾನು ಸುತ್ತಿಗೆ ಹಿಡಿದದ್ದು ಕ್ಯಾಲೆಂಡರ್ ತೂಗುಹಾಕುವುದಕ್ಕೆ ಮಾತ್ರ, ಅದಕ್ಕೆ ಹೊಡೆದ ಮೊಳೆಯೂ ಸೊಟ್ಟಗೇ ಇದೆ.

ನಮ್ಮ ಮನೆ ಇರುವುದು ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ. ಆಚೆ ಕಡೆ ಹೊಸ ಬಡಾವಣೆಗಳಿಗೆ ಹೋದವರು ನಮ್ಮನ್ನು ನೋಡಿ ಮರುಗುವುದುಂಟು. ಆದರೆ ಅಪ್ಪ ಹೋದ ಮೇಲೆ ರಾಯಚೂರು ಕಡೆಯ ನಮ್ಮೂರಿನಿಂದ ಬಂದು ನಮ್ಮೊಡನೆ ಇದ್ದ ಅವ್ವನಿಗೆ ಈ ಮನೆ ಹಿಡಿಸಿತ್ತು. ಗಾಡಿ ಕೂಗಿದ್ದು ಕೇಳಿಸಿದರೆ, "ಅದು ನಮ್ಮ ಕಡಿ ಹೊಂಟೈತಿ ನೋಡು" ಎನ್ನುತ್ತಿದ್ದಳು. ಅದು ನಮ್ಮ ಕಡೆಗೇ ಹೊರಟಿದೆಯೋ ಇನ್ನೆಲ್ಲಿಗೋ ಎಂದು ನಾವು ಯಾರೂ ವಿಚಾರಿಸಲು ಹೋಗಲಿಲ್ಲ.

ನಾವು ನೆಲದ ಮೇಲೆ ಕೂತು ಉಣ್ಣುವವರು. ಹಾಲಿನಲ್ಲಿ ಚಾಪೆ ಹಾಸಿ, ನಾನು, ನನ್ನ ಮಗಳು ಅಕ್ಷತಾ ಎದುರುಬದುರು ಕೂತರೆ ನಮ್ಮಿಬ್ಬರ ನಡುವೆ ಗೋಡೆಗೆ ಬೆನ್ನು ಕೊಟ್ಟು ಅವ್ವ ಕೂರುತ್ತಿದ್ದಳು. ಅವಳ ಸುತ್ತ ರೊಟ್ಟಿಯ ಬುಟ್ಟಿ, ಪಲ್ಯದ ಬೋಗುಣಿ, ಸಾರಿನ ಪಾತ್ರೆ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿಯ ಡಬ್ಬಿ, ಮೊಸರು. ಬಿಸಿ ರೊಟ್ಟಿ ಒಳಗಿನಿಂದ ನನ್ನ ಹೆಂಡತಿ ವಿಜಯಾ ತಂದುಕೊಟ್ಟರೆ ಅದನ್ನು ಯಾರ ತಟ್ಟೆಗೆ ಹಾಕಬೇಕೆಂದು ನಿರ್ಧರಿಸುವುದು ಅವ್ವ. ಸಾಕು ಎಂದು ತಟ್ಟೆಯ ಮೇಲೆ ಕೈ ಅಡ್ಡ ಇಟ್ಟರೆ ಆ ಕೈಯ ಮೇಲೆಯೇ ರೊಟ್ಟಿ ಇಟ್ಟುಬಿಡುತ್ತಿದ್ದಳು. ನಾವು ಎದ್ದ ಮೇಲೆ ಅತ್ತೆ ಸೊಸೆ ಉಣ್ಣುತ್ತಿದ್ದರು. ಆಗ ನಾನು ಟೀವಿಯಲ್ಲಿ ಸುದ್ದಿ ನೋಡುತ್ತಿರುತ್ತಿದ್ದೆ.

ಆ ವರ್ಷ ದಸರೆಯಲ್ಲಿ ಬನ್ನಿ ಕೊಡಲು ನೆರೆಯವರು ಬಂದಾಗ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಕೀಲು ಮುರಿದಿತ್ತು. ಆಪರೇಷನ್ ಆಯಿತು, ಮುರಿದ ಕಡೆ ಲೋಹದ್ದೊಂದು ಕೂಡಿಸಿದರು, ನಾಲ್ಕು ಕಾಲಿನ ಊರುಗೋಲು ಹಿಡಿದು ನಿಲ್ಲಿಸಿದರು. ಡಾಕ್ಟರು ಎರಡು ಮಾತು ಹೇಳಿ ಕಳಿಸಿದ್ದರು. ಇನ್ನು ಮುಂದೆ ನೆಲದ ಮೇಲೆ ಕೂರುವಂತಿಲ್ಲ, ಕಾಲು ಮಡಚುವಂತಿಲ್ಲ ಎಂಬುದು ಮೊದಲನೆಯದು. ಚೆನ್ನಾಗಿ ಉಂಡರೆ ಮಾತ್ರ ಈ ವಯಸ್ಸಿನಲ್ಲಿ ಮೈ ಹಿಡಿಯುತ್ತದೆ, ಉಣ್ಣದೆ ಹೋದರೆ ನಮ್ಮ ಕೈಯಲ್ಲಿ ಏನೂ ಇಲ್ಲ ಎಂಬುದು ಎರಡನೆಯದು. ಮೊದಲನೆಯದನ್ನು ನಾವು ಚಾಚೂ ತಪ್ಪದೆ ಪಾಲಿಸಿದೆವು. ಎರಡನೆಯದು ನಮ್ಮ ಕೈಗೆ ಬರಲಿಲ್ಲ.

ಅವ್ವ ಉಣ್ಣುವುದನ್ನೇ ಬಿಟ್ಟಳು. ಹಟ ಮಾಡಿ ಬಿಟ್ಟಿದ್ದರೆ ಜಗಳವಾಡಿಯಾದರೂ ತಿನ್ನಿಸಬಹುದಿತ್ತು. ಮಂಚದ ಪಕ್ಕಕ್ಕೆ ವಿಜಯಾ ತಟ್ಟೆ ತಂದಿಟ್ಟರೆ ಅವ್ವ ಮೊದಲು ಕೇಳುತ್ತಿದ್ದಳು, "ಎಲ್ಲಾರೂ ಉಂಡ್ರೇನು?" ಉಂಡರು ಎಂದರೆ, "ಏನ ಉಂಡ್ರೋ ಏನೋ" ಎನ್ನುತ್ತಿದ್ದಳು. ಇಲ್ಲ ಎಂದರೆ, "ಅವರು ಉಣ್ಲಿ, ಆಮ್ಯಾಲ ನೋಡೂಣು" ಎನ್ನುತ್ತಿದ್ದಳು. ಎರಡು ತುತ್ತು ತಿಂದು ತಟ್ಟೆ ಸರಿಸಿಬಿಡುವಳು. ಕೈಬಳೆ ಮೊಣಕೈವರೆಗೆ ಜಾರತೊಡಗಿತು. ಮನೆಗೆ ಬಂದು ವ್ಯಾಯಾಮ ಮಾಡಿಸುತ್ತಿದ್ದ ಹುಡುಗಿ ಒಂದು ದಿನ ಹೊರಗೆ ನಿಂತು, "ಅಂಕಲ್, ಅಮ್ಮಾಜೀ ಖಾನಾ ನಹೀ ಖಾರೇ ಕ್ಯಾ? ತಾಕತ್ ಇಚ್ ನಹೀ ಹೈ" ಎಂದು, ಅವ್ವ ಉಣ್ಣುತ್ತಿಲ್ಲವೇ, ಮೈಯಲ್ಲಿ ಶಕ್ತಿಯೇ ಇಲ್ಲವಲ್ಲ ಎಂದು ಕೇಳಿದಾಗ ನನಗೆ ನಿಜವಾಗಿ ಭಯವಾಯಿತು. ಅವ್ವ ನಮ್ಮ ಕಣ್ಣೆದುರೇ ಕರಗಿ ಹೋಗುತ್ತಿದ್ದಳು, ಮನೆಯಲ್ಲಿ ಬೇಕಾದಷ್ಟು ಅಡುಗೆ ಇತ್ತು.

ನನ್ನ ತಲೆಗೆ ಹೊಳೆದದ್ದು ಮೇಜು. ಒಬ್ಬಳೇ ಮಂಚದ ಮೇಲೆ ಕೂತು ಉಣ್ಣುವುದಕ್ಕೆ ಅವಳಿಗೆ ಬೇಸರ, ಎಲ್ಲರ ಜೊತೆ ಕೂಡಿಸಿದರೆ ಉಣ್ಣುತ್ತಾಳೆ ಎಂದು ನಾನು ಲೆಕ್ಕ ಹಾಕಿದೆ. ಅವಳು ನೆಲಕ್ಕೆ ಬರುವಂತಿಲ್ಲ, ಆದ್ದರಿಂದ ನಾವೇ ಮೇಲಕ್ಕೆ ಹೋಗಬೇಕು. ಅಬಿಡ್ಸ್ ಕಡೆಯ ಅಂಗಡಿಗಳನ್ನೆಲ್ಲ ಸುತ್ತಿ ಬಂದೆ. ಅಲ್ಲಿದ್ದ ಮೇಜುಗಳನ್ನು ನಮ್ಮ ಹಾಲಿನಲ್ಲಿ ಇಟ್ಟರೆ ನಾವು ಹೊರಗೆ ನಿಂತು ಉಣ್ಣಬೇಕಿತ್ತು. ಹಾಗೆ ಹುಡುಕುತ್ತಿರುವಾಗಲೇ ಫೋನಿನಲ್ಲಿ ಕಣ್ಣಿಗೆ ಬಿದ್ದದ್ದು, ಮನೆಯ ಪೀಠೋಪಕರಣಗಳನ್ನು ನೀವೇ ಮಾಡಿಕೊಳ್ಳಿ, ನಕ್ಷೆಗಳು ಪೂರ್ತಿ ಉಚಿತ ಎಂಬ ಒಂದು ಜಾಹೀರಾತು.

ಉಚಿತ ಎಂಬ ಶಬ್ದ ಕಂಡರೆ ನನಗೆ ಕಾಲು ನಿಲ್ಲುವುದಿಲ್ಲ. ಮೇಜಿನ ನಕ್ಷೆಯೊಂದನ್ನು ಇಳಿಸಿಕೊಂಡು ಸುಮ್ಮನಿರಬಹುದಿತ್ತು. ಇರಲಿ ಎಂದು ಪುಸ್ತಕದ ಕಪಾಟು, ಮರದ ಜೋಕಾಲಿ, ನಾಯಿಯ ಮನೆ, ಹಕ್ಕಿಗಳಿಗೆ ಕಾಳು ಹಾಕುವ ಗೂಡು, ಶೀಸೆಗಳನ್ನು ಮಲಗಿಸಿಡುವ ಚೌಕಟ್ಟು ಎಲ್ಲವನ್ನೂ ಇಳಿಸಿಕೊಂಡೆ. ನಮ್ಮ ಮನೆಯಲ್ಲಿ ನಾಯಿ ಇಲ್ಲ, ಶೀಸೆಯಲ್ಲಿ ಇರುವುದು ಶೇಂಗಾ ಎಣ್ಣೆ ಮಾತ್ರ. ಆ ನಕ್ಷೆಗಳನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಒಂದೊಂದು ಹಲಗೆಗೂ ಒಂದೊಂದು ಅಕ್ಷರ, ಒಂದೊಂದು ಬಣ್ಣ, ಯಾವುದು ಯಾವುದಕ್ಕೆ ಕೂಡುತ್ತದೆ ಎಂಬುದಕ್ಕೆ ಬಾಣದ ಗುರುತು. ಜಗತ್ತಿನಲ್ಲಿ ಎಲ್ಲವೂ ಹೀಗೆ ಬಿಡಿಬಿಡಿಯಾಗಿ, ಗುರುತು ಹಾಕಿ ಸಿಗುವಂತಿದ್ದರೆ ಎಷ್ಟು ಚೆನ್ನ ಎನ್ನಿಸಿತು. ಮೇಜು ಮತ್ತು ಕುರ್ಚಿಯ ನಕ್ಷೆಯ ಮೇಲೆ, ಹೊಸಬರಿಗೂ ಸುಲಭ, ಶನಿವಾರ ಭಾನುವಾರಗಳಲ್ಲಿ ಮುಗಿಯುತ್ತದೆ ಎಂದು ಬರೆದಿತ್ತು. ಎಷ್ಟು ಶನಿವಾರ ಎಂದು ಬರೆದಿರಲಿಲ್ಲ.

ನಕ್ಷೆಯಲ್ಲಿ ಪೈನ್ ಮರ ಎಂದಿತ್ತು. ಮರದ ಅಡ್ಡೆಗೆ ಹೋಗಿ ಪೈನ್ ಕೇಳಿದರೆ ಅಲ್ಲಿನ ಸಾಹೇಬರು ಒಡೆದ ಸಾಮಾನು ಪೆಟ್ಟಿಗೆಗಳ ರಾಶಿ ತೋರಿಸಿದರು. ಹಲಗೆಗಳ ಮೇಲೆ ಕೊಡೆ, ಬಾಣ, ಒಡೆಯುವ ವಸ್ತು ಜೋಕೆ ಎಂಬ ಚಿತ್ರಗಳಿದ್ದವು. "ಏ ಇಚ್ ಹೈ ಸಾಬ್ ಪೈನ್, ಕ್ಯಾ ಬನಾನಾ ಹೈ?" ಎಂದರು. ಅವ್ವನಿಗೆ ಊಟದ ಮೇಜು ಎಂದೆ. ಅವರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಅಮ್ಮಾ ಕೆ ವಾಸ್ತೇ ಬೋಲೇ ತೋ ಇಧರ್ ಆವ್" ಎಂದು, ಅಮ್ಮನಿಗೆಂದರೆ ಇದು ಬೇಡ ಎನ್ನುವಂತೆ, ಹಿಂದಿನ ಹಿತ್ತಲಿಗೆ ಕರೆದೊಯ್ದರು. ಕೆಡವಿದ ಹಳೇ ಮನೆಗಳ ಬಾಗಿಲು, ಕಿಟಕಿ, ಚೌಕಟ್ಟುಗಳನ್ನು ಅಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಅದರಲ್ಲಿ ಒಂದು ಜೋಡಿ ತೇಗದ ಬಾಗಿಲು ತೆಗೆದುಕೊಂಡೆ. ಅಗಳಿ ಹಾಕುತ್ತಿದ್ದ ತೂತು ಹಾಗೇ ಇತ್ತು, ಕೆಳಪಟ್ಟಿಯಲ್ಲಿ ಯಾರೋ ಹಬ್ಬಕ್ಕೆ ಹಚ್ಚಿದ್ದ ಅರಿಶಿನ ಬಿರುಕುಗಳಲ್ಲಿ ಉಳಿದಿತ್ತು. ಎಷ್ಟು ಉಜ್ಜಿದರೂ ಅದು ಪೂರ್ತಿ ಹೋಗಲಿಲ್ಲ, ನಾನೂ ಹೆಚ್ಚು ಉಜ್ಜಲಿಲ್ಲ.

ಕೆಲಸ ನಡೆದದ್ದು ತಾರಸಿಯ ಮೇಲೆ, ನೀರಿನ ಟಾಕಿಯ ನೆರಳಿನಲ್ಲಿ. ವಿವರ ಕೇಳಬೇಡಿ. ಕೊಯ್ದ ಹಲಗೆ ಒಂದು ಕಡೆ ಉದ್ದವಾಗುತ್ತಿತ್ತು, ಅದನ್ನು ಸರಿ ಮಾಡಿದರೆ ಇನ್ನೊಂದು ಕಡೆ ಗಿಡ್ಡವಾಗುತ್ತಿತ್ತು. ಒಣಗಲು ಹಾಕಿದ ಬಟ್ಟೆಗೆಲ್ಲ ಮರದ ಪುಡಿ ಹಾರಿ ಕೆಳಗಿನ ಮನೆಯವರು ಮಾತು ಬಿಟ್ಟರು. ಅಮೀರ್‌ಪೇಟೆಯಲ್ಲಿ ಕ್ಲಾಸು ಮುಗಿಸಿ ಮೆಟ್ರೋ ಹಿಡಿದು ಬರುತ್ತಿದ್ದ ಅಕ್ಷತಾ ನೇರ ತಾರಸಿಗೆ ಬಂದು ನಿಂತು, "ಅಪ್ಪಾ, ಇದು ಆ ಫೋಟೋದಾಗಿನ ಟೇಬಲ್ಲೇನಾ? ಪಕ್ಕಾನಾ?" ಎಂದು ಕೇಳುವಳು. ಆದರೂ ನಾನು ನಕ್ಷೆಯ ಅಳತೆಯನ್ನು ಒಂದು ಕೂದಲಿನಷ್ಟೂ ಬಿಡಲಿಲ್ಲ. ನನ್ನಲ್ಲಿ ಕೈಚಳಕ ಇರಲಿಲ್ಲ, ವಿಧೇಯತೆ ಇತ್ತು. ಎತ್ತರ ಎಷ್ಟು ಎಂದಿದೆಯೋ ಅಷ್ಟೇ ಎತ್ತರ, ಅಗಲ ಎಷ್ಟು ಎಂದಿದೆಯೋ ಅಷ್ಟೇ ಅಗಲ. ಮೇಜಿಗೆ ಹೊಂದುವಂತೆ ಕೈಯಿರುವ ಒಂದು ಕುರ್ಚಿ ಅವ್ವನಿಗೆ, ನಮಗೆ ಮೂವರಿಗೆ ಮೂರು ಸ್ಟೂಲು. ಹೀಗೆ ಎಲ್ಲ ಮುಗಿಯುವಾಗ ಎಳ್ಳಮಾವಾಸ್ಯೆ ಬಂತು.

ಎಳ್ಳಮಾವಾಸ್ಯೆ ನಮ್ಮ ಕಡೆಯವರಿಗೆ ಊಟದ ಹಬ್ಬ. ಊರಲ್ಲಿದ್ದರೆ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ತಂದ ಅಡುಗೆಯಲ್ಲಿ ಸ್ವಲ್ಪವನ್ನು ಚರಗವೆಂದು ಬೆಳೆಗೆ ಚೆಲ್ಲಿ, ಬಂದವರನ್ನೆಲ್ಲ ಕೂಡಿಸಿ ಬಡಿಸಬೇಕು. ಇಲ್ಲಿ ಹೊಲವೆಲ್ಲಿಂದ ತರುವುದು, ತಾರಸಿಯ ಕುಂಡಗಳಿಗೇ ಒಂದಿಷ್ಟು ಚೆಲ್ಲಿ ಬಂದೆವು. ವಿಜಯಾ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಮಾಡಿದ್ದಳು. ಹೊಸ ಮೇಜಿಗೆ ಕುಂಕುಮ ಹಚ್ಚಿದೆವು. ಅವ್ವ ಇಲಕಲ್ಲ ಸೀರೆ ಉಟ್ಟು, ಊರುಗೋಲು ಹಿಡಿದು ನಿಧಾನಕ್ಕೆ ಬಂದು, ಮೇಜಿನ ಹಲಗೆಯ ಮೇಲೆ ಕೈಯಾಡಿಸಿದಳು. ಅಗಳಿಯ ತೂತಿಗೆ ಬೆರಳು ಸಿಕ್ಕಿತು. "ಯಾರ ಮನಿ ಬಾಗಲಾನೋ ಏನೋ. ಭಾಳ ಮಂದಿ ಬಂದ ಹೋಗಿರಬೇಕು ಈ ಬಾಗಲದಾಗ" ಎಂದಳು. ನಾನು ಹಿಗ್ಗಿದೆ. ಅವಳನ್ನು ಹಿಡಿದು ಕುರ್ಚಿಯಲ್ಲಿ ಕೂಡಿಸಿದೆವು.

ಕೂತ ಮೇಲೆ ಅವಳ ಪಾದಗಳು ನೆಲ ಮುಟ್ಟಲಿಲ್ಲ. ನಮ್ಮವ್ವ ಗಿಡ್ಡ ಹೆಂಗಸು, ಎದ್ದು ನಿಂತರೆ ನನ್ನ ಎದೆಗೆ ಬರುತ್ತಿದ್ದಳು. ಆ ನಕ್ಷೆ ಬರೆದವನ ಅವ್ವ ಎತ್ತರದವಳಿರಬೇಕು. ನಾನು ಶಾಲೆಗೆ ಸೇರಿದ ದಿನಗಳು ನೆನಪಾದವು. ನನಗೆ ಹೊಲಿಸಿದ ಅಂಗಿ, ಕೊಡಿಸಿದ ಚಪ್ಪಲಿ ಎಲ್ಲ ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡವೇ ಇರುತ್ತಿದ್ದವು. ಬೆಂಚಿನ ಮೇಲೆ ಕೂತರೆ ಕಾಲು ಜೋತಾಡುತ್ತಿದ್ದವು. ಆ ವಯಸ್ಸಿನಲ್ಲಿ ಅದು ಸೊಗಸು. ಅವ್ವನ ಕಾಲು ಹಾಗೆ ಗಾಳಿಯಲ್ಲಿ ತೂಗುವುದನ್ನು ನೋಡಿ ನನಗೆ ಸಂಕಟವಾಯಿತು. ಮೇಜು ಅವಳ ಎದೆಯ ಮಟ್ಟಕ್ಕಿತ್ತು. ಪಾತ್ರೆಗಳ ಕಂಠ ಕಾಣುತ್ತಿತ್ತೇ ಹೊರತು ಒಳಗೆ ಏನಿದೆ ಎಂಬುದು ಅವಳಿಗೆ ಕಾಣುತ್ತಿರಲಿಲ್ಲ. ಅವಳು ಕತ್ತು ಚಾಚಿ ಒಂದೊಂದೇ ಪಾತ್ರೆ ನೋಡಿದಳು. ವಿಜಯಾ ನಿಂತುಕೊಂಡು ಬಡಿಸಿದಳು. "ನೀವ ಉಣ್ರಿ, ನಾ ಆಮ್ಯಾಲ ಉಣ್ತೀನಿ" ಎಂದು ಅವ್ವ ಕೈ ಮಡಿಲಲ್ಲಿಟ್ಟು ಕೂತಳು. ಹೋಳಿಗೆಯ ಒಂದು ಚೂರು ಮುರಿದು ಬಾಯಿಗಿಟ್ಟದ್ದು ಬಿಟ್ಟರೆ ಅವಳ ಊಟ ಆಗಲಿಲ್ಲ.

ಮರುದಿನವೂ ಅಷ್ಟೇ. ಅದರ ಮರುದಿನ ನಾನು ರೇಗಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ, ಅಂಗೈಯಲ್ಲಿ ಗುಳ್ಳೆ ಬೇರೆ ಎದ್ದಿದ್ದವು. "ಏನ ಆಗೇತಿ ನಿನಗ? ಇಷ್ಟೆಲ್ಲಾ ಮಾಡಿದ್ದು ಯಾರ ಸಲುವಾಗಿ?" ಎಂದೆ. ಅವ್ವ ಮೆಲ್ಲಗೆ, "ಕಾಲ ಇಳಿಬಿಟ್ಕೊಂಡು ಉಂಡ್ರ ಬಸ್ ಸ್ಟ್ಯಾಂಡಿನಾಗ ಉಂಡಂಗ ಆಕ್ಕೈತೋ" ಎಂದಳು. ತೊಂದರೆ ಕಾಲಿನದೇ ಎಂದು ನನಗೆ ಖಾತ್ರಿಯಾಯಿತು. ಪಾದದ ಕೆಳಗೆ ಏನಾದರೂ ಇಟ್ಟರಾಯಿತಲ್ಲ ಎಂದುಕೊಂಡು ಅಟ್ಟದಿಂದ ಒಂದು ಮಣೆ ತೆಗೆದು ಒರೆಸಿ ತಂದೆ. ಮೂಲೆಗಳಿಗೆ ಹಿತ್ತಾಳೆಯ ಹೂ ಬಡಿದಿದ್ದ, ಕೂತು ಕೂತು ನಡುವೆ ನುಣುಪಾಗಿದ್ದ ಹಳೇ ಮಣೆ. ಅದನ್ನು ಅವಳ ಕಾಲಡಿಗೆ ಸರಿಸಿದೆ.

ಬಿಸಿ ತಾಕಿದವಳ ಹಾಗೆ ಅವ್ವ ಎರಡೂ ಕಾಲು ಮೇಲೆಳೆದುಕೊಂಡಳು. ಸೊಂಟದ ನೋವಿಗೆ ಮುಖ ಕಿವುಚಿಕೊಂಡಳು. "ನಿಮ್ಮಪ್ಪ ಕುಂತ ಉಂಡ ಮಣಿ ಅಲ್ಲೇನೋ ಅದು! ಅದರ ಮ್ಯಾಲ ಕಾಲಿಡು ಅಂತೀಯೇನು?" ಎಂದಳು. ಅಪ್ಪ ಇಲ್ಲದ ಮೇಲೆ ಆ ಮಣೆಯ ಮೇಲೆ ನಮ್ಮಲ್ಲಿ ಯಾರೂ ಕೂತಿರಲಿಲ್ಲ. ಹಬ್ಬದ ದಿನ ಅದಕ್ಕೊಂದು ಹೂ ಇಟ್ಟು ಎತ್ತಿಡುತ್ತಿದ್ದೆವು. ಅಂಥದನ್ನು ನಾನು ಕಾಲಡಿಗೆ ತಂದಿದ್ದೆ. ನಾಲಗೆ ಕಚ್ಚಿಕೊಂಡು ಅದನ್ನೆತ್ತಿ ಕಣ್ಣಿಗೊತ್ತಿಕೊಂಡೆ. "ಹಂಗಾದ್ರ ನಿನ್ನ ಮಣಿ ಎಲ್ಲೈತಿ ಹೇಳು, ಅದನ್ನ ತರ್ತೀನಿ. ನಿಂದರ ಮ್ಯಾಲ ನೀ ಕಾಲಿಟ್ರ ಏನೂ ಆಗಂಗಿಲ್ಲ" ಎಂದೆ.

ಅವ್ವನಿಗೆ ನನ್ನ ಮಾತು ಅರ್ಥವಾಗಲಿಲ್ಲ. "ನಂದ್ಯಾವ್ದೋ ಮಣಿ?" ಎಂದಳು. ಅದರಲ್ಲಿ ದೂರಿರಲಿಲ್ಲ. ನಿಮ್ಮ ಮನೆಯಲ್ಲಿ ಆನೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾವು ಹೇಗೆ ನೋಡುತ್ತೇವೋ ಹಾಗೆ ನನ್ನನ್ನು ನೋಡಿದಳು.

ಊರ ಮನೆಯ ಊಟದ ಹೊತ್ತು ನನ್ನ ಕಣ್ಣ ಮುಂದೆ ಬಂತು. ನೆಲಕ್ಕೆ ಕಪ್ಪು ಫರಸಿ ಕಲ್ಲು. ಹತ್ತಿ ಗಿರಣಿಯಿಂದ ಅಪ್ಪ ಬಂದು ಕೈಕಾಲು ತೊಳೆದರೆ ಈ ಹಿತ್ತಾಳೆ ಹೂವಿನ ಮಣೆ, ಎದುರಿಗೆ ತಟ್ಟೆ ಇಡುವುದಕ್ಕೆ ಮೂರು ಕಾಲಿನ ಗಿಡ್ಡ ಅಡ್ಡಣಿಗೆ. ಪಕ್ಕದಲ್ಲಿ ಅಣ್ಣನ ಮಣೆ, ಆಮೇಲೆ ನನ್ನದು. ನನ್ನದರ ಒಂದು ಮೂಲೆ ಮುರಿದಿತ್ತು, ಆ ಕಾರಣಕ್ಕೇ ಅದು ನನ್ನದು ಎಂದು ಗುರುತು. ಬಂದವರಿಗೆಂದು ಗೋಡೆಗೆ ಒರಗಿಸಿದ್ದ ಮಣೆಗಳು ಬೇರೆ. ಅವ್ವ ಒಲೆಯ ಮುಂದೆ, ಬರೀ ನೆಲದ ಮೇಲೆ. ರೊಟ್ಟಿ ಬಡಿಯುವ ಸಪ್ಪಳ, ತಿರುಗಿ ನಮ್ಮ ತಟ್ಟೆಗೆ ರೊಟ್ಟಿ, ಮತ್ತೆ ಒಲೆಯ ಕಡೆ. ಅವಳ ಬೆನ್ನು, ಅವಳ ಕೈ, ಬೆಂಕಿಗೆ ಕೆಂಪಾದ ಅವಳ ಒಂದು ಕೆನ್ನೆ ನೆನಪಿದೆ. ಅವಳು ಉಣ್ಣುವುದು ನೆನಪಾಗಲಿಲ್ಲ. ಎಷ್ಟು ಹುಡುಕಿದರೂ ಅವ್ವನ ಬಾಯಿಗೆ ತುತ್ತು ಹೋಗುವ ಒಂದು ಚಿತ್ರ ನನಗೆ ಸಿಗಲಿಲ್ಲ. ನಾವು ಉಂಡು, ಕೈ ತೊಳೆದು, ಆಟಕ್ಕೋ ನಿದ್ದೆಗೋ ಹೋದ ಮೇಲೆ ಆ ಮನೆಯಲ್ಲಿ ಏನು ನಡೆಯುತ್ತಿತ್ತೋ ನಮಗೆ ಗೊತ್ತಿರಲಿಲ್ಲ.

ಮಣೆ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ. ವಿಜಯಾ ಒಲೆ ಒರೆಸುತ್ತಿದ್ದಳು. ನಮ್ಮ ಮಾತೆಲ್ಲ ಅವಳಿಗೆ ಕೇಳಿಸಿತ್ತು. "ನಾ ಒಂದ ಮಾತ ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ" ಎಂದಳು. "ಅತ್ತಿಯವರಿಗೆ ಕುರ್ಚಿದೂ ತ್ರಾಸಿಲ್ಲ, ಕಾಲಿಂದೂ ತ್ರಾಸಿಲ್ಲ. ಕೈಯಾಗ ಸೌಟಿಲ್ಲ, ಅಷ್ಟ. ಬೀಗರ ಮನಿಗೆ ಬಂದವರಂಗ ಕುಂಡ್ರಿಸಿ, ಉಣ್ಣು ಅಂದ್ರ ಹೆಂಗ ಉಂಡಾರು? ಯಾರಿಗೆ ಬಡಿಸ್ಯಾರಂತ ಅವರು ಉಣ್ಣಬೇಕು?"

ಅವಳು ಬಟ್ಟೆ ಹಿಂಡಿ ಹಾಕಿ, "ನೀವು ಮೂರು ಸ್ಟೂಲ್ ಮಾಡೀರಿ. ಒಂದರ ಮ್ಯಾಲ ಪೇಪರ್ ಬಿದ್ದೈತಿ, ನೋಡೀರೇನು?" ಎಂದಳು. ಹೌದು, ಆ ಮೂರನೆಯ ಸ್ಟೂಲು ಅವಳದು. ಮೇಜು ಬಂದ ದಿನದಿಂದ ಅದರ ಮೇಲೆ ದಿನಪತ್ರಿಕೆ ಇತ್ತು. ಅವಳು ಯಾವಾಗ ಉಣ್ಣುತ್ತಿದ್ದಳು, ಎಲ್ಲಿ ಕೂತು ಉಣ್ಣುತ್ತಿದ್ದಳು ಎಂದು ಕೇಳಬೇಕೆನ್ನಿಸಿತು. ಕೇಳುವ ಧೈರ್ಯವಾಗಲಿಲ್ಲ.

ಮರುದಿನ ಟೇಪು ತಂದು ಅವ್ವನನ್ನು ಮಂಚದ ಅಂಚಿಗೆ ಕೂಡಿಸಿದೆ. ಮೊಣಕಾಲಿನ ಸಂದಿಯಿಂದ ಹಿಮ್ಮಡಿಯವರೆಗೆ ಹಿಡಿದು ನೋಡಿದೆ. ಕೂತಲ್ಲಿಂದ ಮೊಣಕೈ ಎಷ್ಟು ಎತ್ತರ, ಕೈ ಚಾಚಿದರೆ ಎಷ್ಟು ದೂರ ಹೋಗುತ್ತದೆ ಎಂದೂ ನೋಡಿದೆ. ಅವ್ವನಿಗೆ ನಗು ಬಂತು. "ಯಾವಾಗ ಟೇಲರ್ ಆದ್ಯೋ? ಕುಪ್ಪಸದ ಅಳತಿ ಬಿಟ್ರ ನನ್ನ ಅಳತಿ ಯಾರೂ ತಗೊಂಡಿಲ್ಲ ನೋಡು" ಎಂದಳು. ಮೊಣಕಾಲು ಸೊಂಟಕ್ಕಿಂತ ಮೇಲೆ ಬರಬಾರದು, ಪಾದ ಪೂರ್ತಿ ಊರಬೇಕು ಎಂದು ವ್ಯಾಯಾಮದ ಹುಡುಗಿ ಪಕ್ಕದಲ್ಲಿ ನಿಂತು ಹೇಳಿದಳು. ಅಳತೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡೆ. ಈಗಲೂ ಅದು ಅಲ್ಲಿದೆ, ಸುಣ್ಣ ಹೊಡೆಯುವಾಗ ಆ ಜಾಗ ಬಿಟ್ಟು ಹೊಡೆಸಿದ್ದೇವೆ.

ಮಾಡಿದ ಸಾಮಾನನ್ನು ತಾನೇ ಕೊಯ್ಯುವುದು ಕೆಟ್ಟ ಕೆಲಸ. ಅಷ್ಟು ಉಜ್ಜಿ, ಎಣ್ಣೆ ಹಚ್ಚಿ, ನಕ್ಷೆಯ ಪಕ್ಕದಲ್ಲಿ ಇಟ್ಟು ಫೋಟೋ ಬೇರೆ ಹೊಡೆದುಕೊಂಡಿದ್ದೆ. ಮೇಜನ್ನು ಬೋರಲು ಹಾಕಿದಾಗ ಕಾಲು ಮೇಲೆ ಮಾಡಿ ಮಲಗಿದ ದನದ ಹಾಗೆ ಕಂಡಿತು. ಮೊದಲು ಕುರ್ಚಿ, ಆಮೇಲೆ ಮೇಜು, ಆಮೇಲೆ ಸ್ಟೂಲುಗಳು, ಎಲ್ಲದರ ಕಾಲಿಗೂ ಗರಗಸ ಹಾಕಿದೆ. ಬಾಗಿಲು ಮಾಡಿದ ಯಾವನೋ ಪುಣ್ಯಾತ್ಮನ ಕಾಲದ ಮರ, ಕೊಯ್ದಲ್ಲೆಲ್ಲ ಹೊಸದರಂತೆ ವಾಸನೆ ಬಂತು. ಅಚ್ಚು ಹಾಕಿಸಿಕೊಂಡಿದ್ದ ನಕ್ಷೆಯ ಕಾಗದ ಪಕ್ಕದಲ್ಲೇ ಬಿದ್ದಿತ್ತು. ಅದರ ಮೇಲೆ ಕೂತೇ ನಾನು ಕೊಯ್ದೆ. ಕುರ್ಚಿ ಸ್ಟೂಲುಗಳಿಂದ ಬಿದ್ದ ತುಂಡುಗಳು ಎಲ್ಲೆಲ್ಲೋ ಹೋದವು, ಮೇಜಿನವು ಮಾತ್ರ ಉಳಿದುಕೊಂಡವು.

ಎಲ್ಲ ಕೊಯ್ದು ಮುಗಿಸುವ ಹೊತ್ತಿಗೆ ಸಂಕ್ರಾಂತಿ ಬಂತು. ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಹತ್ತಿರವಾಗಿ, ಮೇಜಿನ ಒಂದು ತುದಿಗೆ ಇಟ್ಟೆವು. ಅವ್ವ ಕೂತಳು. ಎರಡೂ ಪಾದ ನೆಲಕ್ಕೆ ಊರಿದವು. ಅವಳು ಹೆಬ್ಬೆರಳಿನಿಂದ ನೆಲವನ್ನೊಮ್ಮೆ ಒತ್ತಿ ನೋಡಿದ್ದು ನನಗೆ ಕಂಡಿತು. ವಿಜಯಾ ಒಂದೊಂದೇ ಪಾತ್ರೆ ತಂದು ಅವಳ ಸುತ್ತ ಇಟ್ಟಳು. ರೊಟ್ಟಿಯ ಬುಟ್ಟಿ ಎಡಕ್ಕೆ, ಪಲ್ಯ ಬಲಕ್ಕೆ, ಸಾರು ಎದುರಿಗೆ, ಹಿಂಡಿಯ ಡಬ್ಬಿ ಕೈಗೆ ಸಿಗುವಂತೆ. ಕೊನೆಗೆ ಸೌಟು ತಂದು ಅವಳ ಕೈಗೆ ಕೊಟ್ಟಳು. ಕೊಟ್ಟು ತಾನು ಸ್ಟೂಲಿನ ಮೇಲಿದ್ದ ಪೇಪರ್ ತೆಗೆದು ಕೆಳಗಿಟ್ಟು, ನನ್ನ ಪಕ್ಕದಲ್ಲಿ ತಟ್ಟೆ ಇಟ್ಟುಕೊಂಡು ಕೂತಳು.

ಅವ್ವ ಒಂದು ಗಳಿಗೆ ಸೊಸೆಯನ್ನೇ ನೋಡಿದಳು. "ನೀ ಕುಂತ್ಯಾ? ಬಿಸಿ ರೊಟ್ಟಿ ಯಾರ ತರ್ತಾರ?" ಎಂದಳು.

"ಎಲ್ಲಾ ಮಾಡಿ ತಂದ ಇಟ್ಟೀನ್ರಿ ಅತ್ತಿ. ನೀವ ಬಡಸ್ರಿ" ಎಂದಳು ವಿಜಯಾ.

ಅವ್ವ ಮೊದಲ ರೊಟ್ಟಿ ತೆಗೆದು ಸೊಸೆಯ ತಟ್ಟೆಗೆ ಹಾಕಿದಳು. ಆಮೇಲೆ ಅಕ್ಷತಾಳಿಗೆ, ಕಡೆಗೆ ನನಗೆ. ಸಾರಿನ ಪಾತ್ರೆಯೊಳಗೆ ಬಗ್ಗಿ ನೋಡಿ, ತಳದಿಂದ ಕಲಕಿ ಹಾಕಿದಳು. "ಏ ಹುಡುಗಿ, ಮೊಬೈಲ್ ಬಾಜೂಕ ಇಡು, ಪಲ್ಯ ಹಚ್ಕೋ" ಎಂದು ಮೊಮ್ಮಗಳನ್ನು ಗದರಿಸಿದಳು. ನಾನು ಸಾಕೆಂದು ಕೈ ಅಡ್ಡ ಇಟ್ಟರೆ ಕೈಯ ಮೇಲೆಯೇ ಇನ್ನೊಂದು ರೊಟ್ಟಿ ಬಿತ್ತು. ದಸರೆಯಿಂದ ಕೇಳದೆ ಇದ್ದ ದನಿ ಅದು. ವಿಜಯಾ ತಲೆ ತಗ್ಗಿಸಿ ಉಣ್ಣುತ್ತಿದ್ದಳು, ಅವಳ ಕಣ್ಣಲ್ಲಿ ನೀರಿತ್ತು. ಖಾರ ಜಾಸ್ತಿ ಆಗಿದೆಯಾ ಎಂದು ಅವ್ವ ಕೇಳಿದಳು. ಹೌದ್ರಿ ಅತ್ತಿ ಎಂದಳು.

ನಮ್ಮ ಊಟ ಮುಗಿಯಿತು. ಯಾರೂ ಏಳಲಿಲ್ಲ. ವಿಜಯಾ ಅವ್ವನ ಮುಂದೆ ಒಂದು ತಟ್ಟೆ ಇಟ್ಟಳು. ಅವ್ವ ತಾನೇ ಬಡಿಸಿಕೊಂಡಳು. ರೊಟ್ಟಿ ಮುರಿದಳು, ಪಲ್ಯ ಹಚ್ಚಿಕೊಂಡಳು, ಮೊದಲ ತುತ್ತನ್ನು ಬಾಯಿಗಿಟ್ಟಳು. ನಮ್ಮವ್ವ ಎಡಗಡೆಯ ಹಲ್ಲಿನಿಂದ ಅಗಿಯುತ್ತಾಳೆ. ಅಗಿಯುವಾಗ ಕಣ್ಣು ಅರ್ಧ ಮುಚ್ಚಿಕೊಳ್ಳುತ್ತಾಳೆ. ಹಿಂಡಿಯನ್ನು ತಟ್ಟೆಯ ಅಂಚಿಗೆ ಇಟ್ಟುಕೊಂಡು ಪ್ರತಿ ತುತ್ತಿಗೂ ಬೆರಳ ತುದಿಯಿಂದ ಮುಟ್ಟಿಸಿಕೊಳ್ಳುತ್ತಾಳೆ, ನಾನೂ ಹಾಗೆಯೇ ಮಾಡುತ್ತೇನೆ. ಅದು ನನಗೆ ಎಲ್ಲಿಂದ ಬಂತೆಂದು ಆವರೆಗೆ ಗೊತ್ತಿರಲಿಲ್ಲ. ಐವತ್ತು ದಾಟಿದ ಗಂಡಸು, ನನ್ನ ತಾಯಿ ಉಣ್ಣುವುದನ್ನು ನಾನು ನೋಡುತ್ತ ಕೂತಿದ್ದೆ.

ಅವಳು ತಲೆ ಎತ್ತಿದಳು. "ಏನ ನೋಡಾಕತ್ತೀ ಹಂಗ? ಎದ್ದು ಕೈ ತೊಳ್ಕೊಳ್ಳೋ, ಎಂಜಲಗೈ ಒಣಗಾಕತ್ತೈತಿ. ಉಂಡ ಕೈ ಒಣಗಿಸಬಾರದು" ಎಂದಳು. ನಾನು ಏಳಲಿಲ್ಲ. ಅವಳು ಎರಡನೆಯ ರೊಟ್ಟಿ ತೆಗೆದುಕೊಂಡಳು.

ಅವ್ವ ಆ ಕುರ್ಚಿಯಲ್ಲಿ ಕೂತು ಇನ್ನೂ ಕೆಲವು ವರ್ಷ ನಮಗೆ ಬಡಿಸಿದಳು. ಬಳೆ ಮತ್ತೆ ಮಣಿಕಟ್ಟಿಗೆ ಬಂದು ನಿಂತಿತ್ತು. ಹೋದ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ ಎಲ್ಲರಿಗೂ ಬಡಿಸಿ, ತಾನೂ ಉಂಡು, ಮಲಗಿದವಳು ಏಳಲಿಲ್ಲ. ಮೇಜನ್ನು ಮೊದಲಿನ ಎತ್ತರಕ್ಕೆ ಮಾಡಿಕೊಳ್ಳಿ, ತುಂಡುಗಳು ಇದ್ದೇ ಇವೆಯಲ್ಲ, ಕೂಡಿಸಿ ಕೊಡುತ್ತಾರೆ ಎಂದು ಬಂದವರು ಹೇಳುತ್ತಾರೆ. ಅಕ್ಷತಾ ನನಗಿಂತ ಎತ್ತರ ಬೆಳೆದಿದ್ದಾಳೆ, ಅವಳ ಮೊಣಕಾಲು ಮೇಜಿಗೆ ಬಡಿಯುತ್ತದೆ. ಆದರೂ ಕೂಡಿಸುವುದು ಬೇಡ ಎಂದವಳು ಅವಳೇ. ಆ ತುಂಡುಗಳು ಬಾಗಿಲಿಗೆ, ಡಬ್ಬಿಗೆ, ಕಪಾಟಿಗೆ, ಕಾಗದಕ್ಕೆ ಆಸರೆಯಾಗಿ ಇದ್ದಲ್ಲೇ ಇವೆ.

ಅವ್ವನ ಕುರ್ಚಿಯನ್ನು ನಾವು ಖಾಲಿ ಬಿಟ್ಟಿಲ್ಲ. ಅಪ್ಪನ ಮಣೆಯ ಹಾಗೆ ಅದನ್ನು ಅಟ್ಟಕ್ಕೂ ಹಾಕಿಲ್ಲ. ಸರದಿಯ ಮೇಲೆ ಅದರಲ್ಲಿ ಕೂರುತ್ತೇವೆ, ಕೂತವರು ಬಡಿಸಬೇಕು, ಬಡಿಸಿದವರು ಕಡೆಗೆ ಉಣ್ಣಬೇಕು. ನಿನ್ನೆ ನನ್ನ ಸರದಿ. ಮೊಣಕಾಲು ಎದೆಗೆ ಬರುವಂತೆ ಮುದುಡಿ ಕೂತು ವಿಜಯಾಳಿಗೂ ಮಗಳಿಗೂ ಬಡಿಸಿದೆ. ಅವರದು ಮುಗಿದ ಮೇಲೆ ನನ್ನ ತಟ್ಟೆಗೆ ಹಾಕಿಕೊಂಡು ಉಣ್ಣತೊಡಗಿದೆ. ಅವರಿಬ್ಬರೂ ಏಳದೆ, ಎಂಜಲಗೈ ತಟ್ಟೆಯ ಮೇಲೆ ಹಾಗೇ ಹಿಡಿದುಕೊಂಡು, ನಾನು ಉಣ್ಣುವುದನ್ನು ನೋಡುತ್ತ ಕೂತರು. ನಮ್ಮ ಮನೆಯಲ್ಲಿ ಈಗ ಬಡಿಸಿದವರ ಊಟ ಆಗುವವರೆಗೆ ಯಾರೂ ಏಳುವಂತಿಲ್ಲ. ಕೈ ಒಣಗಿದರೆ ಒಣಗಲಿ.